ಯಾವ ಕೋಣೆಗೆ ಯಾವ ಬಣ್ಣದ ಬಲ್ಬ್?

ಅಂಗಡಿಯಲ್ಲಿ ‘ಎಲ್‌ಇಡಿ ಬಲ್ಬ್ ಕೊಡಿ’ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಸಿಗುವುದು 6500 ಕೆಲ್ವಿನ್‌ನ, ನೀಲಿ ಛಾಯೆಯ ಬಿಳಿ ಬೆಳಕು. ಡಬ್ಬಿಯ ಮೇಲಿನ ಕೆಲ್ವಿನ್ ಸಂಖ್ಯೆ ಓದಿಯೇ ಕೊಳ್ಳಿ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ. ಪ್ರಖರತೆಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಹೇಳುವುದು ಲುಮೆನ್.

ಮಲಗುವ ಕೋಣೆಗೆ, ದೇವರ ಮನೆಗೆ 2700ರಿಂದ 3000. ರಾತ್ರಿ ನೀಲಿ ಬೆಳಕು ಹೆಚ್ಚಾದರೆ ನಿದ್ರೆ ತರುವ ಮೆಲಟೋನಿನ್ ತಗ್ಗುತ್ತದೆ, ಹಾಗಾಗಿ ಇಲ್ಲಿ 6500 ಬೇಡವೇ ಬೇಡ. ಕೆಂಪು ರೆಡ್‌ಆಕ್ಸೈಡ್ ನೆಲ, ತೇಗದ ಬಾಗಿಲಿರುವ ಹಜಾರಕ್ಕೂ 3000 ಒಪ್ಪುತ್ತದೆ. 6500ರಲ್ಲಿ ಅವು ಮಂಕಾಗಿ ಕಾಣುತ್ತವೆ. ಓದುವ ಮೇಜು, ಬಚ್ಚಲಿಗೆ 4000.

ಅಡುಗೆಮನೆಗೂ 4000 ಸರಿ, ಆದರೆ ಅಲ್ಲಿ ಸಿಆರ್‌ಐ (ಬೆಳಕು ವಸ್ತುಗಳ ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚಿರುವುದನ್ನು ಹುಡುಕಿ. ಅದು ಕಡಿಮೆಯಿದ್ದರೆ ಒಗ್ಗರಣೆಯಲ್ಲಿ ಈರುಳ್ಳಿ ಕೆಂಪಾಯಿತೋ ಇಲ್ಲವೋ ಸರಿಯಾಗಿ ತಿಳಿಯುವುದಿಲ್ಲ. ಕಟ್ಟೆಯ ಮೇಲೆ ನಿಮ್ಮದೇ ನೆರಳು ಬೀಳುತ್ತಿದ್ದರೆ ಬಲ್ಬ್ ಬದಲಿಸಿ ಫಲವಿಲ್ಲ. ಮೇಲಿನ ಕಪಾಟಿನ ಕೆಳಗೆ ಪಟ್ಟಿ ದೀಪ ಹಾಕಿಸಿ.

ಒಂದೇ ಕೋಣೆಯಲ್ಲಿ 3000, 6500 ಬೆರೆಸಿದರೆ ಗೋಡೆಯ ಬಣ್ಣ ತೇಪೆ ಹಾಕಿದಂತೆ ಕಾಣುತ್ತದೆ. ಆದ್ದರಿಂದ ಒಂದು ಕೋಣೆಯ ಬಲ್ಬ್‌ಗಳನ್ನೆಲ್ಲ ಒಂದೇ ಕಂಪನಿಯದು, ಒಂದೇ ಸಲ ಕೊಳ್ಳಿ. ಮೊದಲು ಒಂದನ್ನು ತಂದು, ಕತ್ತಲಾದ ಮೇಲೆ ಹಾಕಿ ನೋಡಿ.