ಹಸಿರು ಬಟನ್ ಒತ್ತಿದ ಆರು ವರ್ಷ

2017ರ ಮೇ ತಿಂಗಳ ಸಂಬಳದ ಸ್ಲಿಪ್ ಕೈಗೆ ಬಂದಾಗ ನಾನು ಪೀಣ್ಯದ ಒಂದು ವರ್ಕ್‌ಶಾಪಿಗೆ ಸಿಎನ್‌ಸಿ, ಅಂದರೆ ಪ್ರೋಗ್ರಾಮಿನಿಂದ ತಾನೇ ಓಡಿ ಲೋಹ ಕಡೆಯುವ ಲೇತ್‌ನ ಆಪರೇಟರ್ ಆಗಿ ಸೇರಿ ಆರು ವರ್ಷವಾಗಿತ್ತು. ನನ್ನದು 11,850. ಪಕ್ಕದ ಮಶೀನಿನ ಹುಡುಗ ಸೇರಿ ಮೂರೇ ತಿಂಗಳು, ಅವನದು 11,200. ಊಟದ ಹೊತ್ತಿನಲ್ಲಿ ಅವನೇ ತೋರಿಸಿದ, ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ. ಆರು ವರ್ಷದ ಬೆಲೆ ಆರುನೂರ ಐವತ್ತು ರೂಪಾಯಿ. ಅವತ್ತು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಕಾಗದದ ಮೇಲೆ ಮೋಸವೇನೂ ಇರಲಿಲ್ಲ. ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ, ನಮ್ಮ ಬಾಯಲ್ಲಿ ವಿಡಿಎ, ಏರುತ್ತದೆ. ಬೆಲೆ ಸೂಚ್ಯಂಕ ಎಷ್ಟು ಪಾಯಿಂಟ್ ಏರಿತೋ ಅಷ್ಟಕ್ಕೆ ಲೆಕ್ಕ ಹಾಕಿ ಪೈಸೆ ಸೇರಿಸುತ್ತಾರೆ. ಅದರಿಂದ ಹೊಸಬನ ಕನಿಷ್ಠ ಕೂಲಿ ವರ್ಷ ವರ್ಷ ಮೇಲೆ ಬರುತ್ತದೆ. ನನ್ನದು ಮೊದಲೇ ಕನಿಷ್ಠಕ್ಕಿಂತ ತುಸು ಮೇಲಿತ್ತಲ್ಲ, ಆಫೀಸಿನವರು ವಿಡಿಎ ಏರಿದಷ್ಟನ್ನು ‘ಇತರೆ ಭತ್ಯೆ’ಯಲ್ಲಿ ಕಡಿದು ಸರಿ ಮಾಡಿಬಿಡುತ್ತಿದ್ದರು. ಇದು ಗೊತ್ತಾಗಲು ನನಗೆ ಆರು ಸ್ಲಿಪ್‌ಗಳನ್ನು ಸಾಲಾಗಿ ಹಾಸಿಗೆ ಮೇಲೆ ಹರಡಬೇಕಾಯಿತು.

ತುಮಕೂರಿನಲ್ಲಿ ಐಟಿಐ ಟರ್ನರ್ ಮುಗಿಸಿದವನು ನಾನು. ಹಳೇ ಲೇತ್‌ಗೆ ಟೂಲನ್ನು ಕೈಯಲ್ಲೇ ಸಾಣೆ ಹಿಡಿದು ಕೊಡುತ್ತಿದ್ದೆ. ಪೀಣ್ಯದಲ್ಲಿ ಅದನ್ನು ಕೇಳುವವರಿಲ್ಲ. ಜಾಬನ್ನು, ಅಂದರೆ ಕಡೆಯಬೇಕಾದ ತುಂಡನ್ನು, ಮಶೀನಿನ ಹಿಡಿಗೆ (ಚಕ್) ಹಾಕು, ಬಾಗಿಲು ಮುಚ್ಚು, ಹಸಿರು ಬಟನ್ ಒತ್ತು, ತೆಗೆ, ಅಳೆ. ಈ ಕೆಲಸವನ್ನು ಯಾರಿಗಾದರೂ ಒಂದು ವಾರದಲ್ಲಿ ಕಲಿಸಬಹುದು. ಹಾಗಿದ್ದ ಮೇಲೆ ಆರು ವರ್ಷದ ಅನುಭವ ಅನ್ನುವುದೇನು? ಒಂದೇ ವಾರವನ್ನು ಮುನ್ನೂರು ಸಲ ಮಾಡಿದ್ದೆ, ಅಷ್ಟೇ. ಮಾಲೀಕರ ಮೇಲೆ ಸಿಟ್ಟು ಬಂದಿತ್ತು, ಆದರೆ ಈ ಪ್ರಶ್ನೆ ಅದಕ್ಕಿಂತ ಹೆಚ್ಚು ಕಾಡಿತು.

ನಮ್ಮಲ್ಲಿ ಎಂಟು ಮಶೀನಿಗೆ ಒಬ್ಬ ಸೆಟ್ಟರ್, ಅಂದರೆ ಟೂಲ್ ಜೋಡಿಸಿ, ಪ್ರೋಗ್ರಾಮ್ ಹಾಕಿ ಮಶೀನನ್ನು ಕೆಲಸಕ್ಕೆ ಸಿದ್ಧ ಮಾಡುವವನು. ಅವನು ರಜೆ ಹಾಕಿದರೆ ಮಾಲೀಕರೇ ಮನೆಗೆ ಫೋನ್ ಮಾಡುತ್ತಿದ್ದರು. ನಾನು ರಜೆ ಹಾಕಿದರೆ ಹೆಲ್ಪರ್ ಬಂದು ನಿಲ್ಲುತ್ತಿದ್ದ.

ನೈಟ್ ಶಿಫ್ಟ್ ಕೇಳಿ ಹಾಕಿಸಿಕೊಂಡೆ. ಮಶೀನ್ ತಾನೇ ಓಡುತ್ತಿರುವಾಗ ಸ್ಕ್ರೀನ್ ಮೇಲಿನ ಪ್ರೋಗ್ರಾಮನ್ನು ಸಾಲು ಸಾಲಾಗಿ ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿದೆ. ಜಿ00 ಅಂದರೆ ಟೂಲಿನ ಬರೀ ಓಟ, ಜಿ01 ಅಂದರೆ ಕಟಿಂಗ್, ಜಿ71 ರಫಿಂಗ್, ಅಂದರೆ ಮೊದಲ ಒರಟು ಕಟಿಂಗ್. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಟ್ಯಾನ್ ಥೀಟಾ, ಟೇಪರ್ (ಓರೆ) ಲೆಕ್ಕಕ್ಕೆ ಬೇಕಾದಾಗ ಮೊದಲ ಸಲ ಅರ್ಥವಾಯಿತು. 20 ಮಿ.ಮೀ. ಬೋಲ್ಟಿನ ಎಂ20 ಥ್ರೆಡ್, ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ದೂರ, 2.5 ಮಿ.ಮೀ. ಪಿಚ್ ಅನ್ನು 0.613ರಿಂದ ಗುಣಿಸಿದರೆ ಥ್ರೆಡ್ಡಿನ ಆಳ 1.53 ಮಿ.ಮೀ. ಬರೆದು, ಸೆಟ್ಟರ್‌ಗೆ ತೋರಿಸಿ, ಥ್ರೆಡ್ ಹಾಕುವ ಜಿ76ರಲ್ಲಿ ಓಡಿಸಿದೆ. ಥ್ರೆಡ್ ಪರೀಕ್ಷಿಸುವ ಗೇಜ್ ಸಲೀಸಾಗಿ ತಿರುಗಿತು. ಆ ಬೋಲ್ಟ್ ಇನ್ನೂ ಮನೆಯ ಟಿವಿ ಮುಂದೆ ಇದೆ.

ಹಾಳೂ ಮಾಡಿದೆ. ನಮ್ಮ ಮಶೀನಿನ ಕಂಪ್ಯೂಟರ್ ಫ್ಯಾನುಕ್ ಕಂಟ್ರೋಲ್, ಅಂಕಿಯ ಕೊನೆಗೆ ಚುಕ್ಕೆ ಇಡದಿದ್ದರೆ ಅದನ್ನು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಅಂತ ಓದುತ್ತದೆ. ಜಾಬಿನ ಮುಖದಿಂದ ಐದು ಮಿಲಿಮೀಟರ್ ದೂರ ನಿಲ್ಲಬೇಕಿದ್ದ ಟೂಲ್, ಚುಕ್ಕೆ ಮರೆತದ್ದಕ್ಕೆ ಓಟದಲ್ಲೇ ಬಂದು ಜಾಬಿಗೆ ಗುದ್ದಿತು. ಟೂಲಿನ ತುದಿಯ ಇನ್ಸರ್ಟ್ ಪುಡಿ, ಅದನ್ನು ಹಿಡಿಯುವ ಹೋಲ್ಡರ್ ಸೊಟ್ಟ, ಟೂಲ್‌ಗಳನ್ನು ಹೊತ್ತ ಟರೆಟ್‌ನ ಅಲೈನ್‌ಮೆಂಟ್ ಹೋಯಿತು. ಮಶೀನ್ ಎರಡು ದಿನ ನಿಂತಿತು. ಹೋಲ್ಡರ್ ದುಡ್ಡನ್ನು ಸಂಬಳದಲ್ಲಿ ಹಿಡಿದರು. ಅದನ್ನು ಫೀಸು ಅಂದುಕೊಂಡೆ, ಹೆಂಡತಿ ಹಾಗೆ ಅಂದುಕೊಳ್ಳಲಿಲ್ಲ.

ಒಂದೂವರೆ ವರ್ಷದ ಮೇಲೆ ಒಂದು ಬುಷ್‌ನ ಪ್ರೋಗ್ರಾಮ್ ತಿದ್ದಿದೆ. ಗಾಳಿಯಲ್ಲಿ ಟೂಲ್ ಸುಮ್ಮನೆ ಓಡಾಡುವುದನ್ನು ಕಡಿಮೆ ಮಾಡಿದ್ದಷ್ಟೇ. ಲೋಡಿಂಗ್ ಸೇರಿ 250 ಸೆಕೆಂಡ್ ಇದ್ದದ್ದು 200ಕ್ಕೆ ಬಂತು. ಏಳು ಗಂಟೆ ಓಟದಲ್ಲಿ ನೂರರ ಬದಲು 126 ಜಾಬ್. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಂಡೇ ಸಂಬಳ ಕೇಳಲು ಹೋದೆ. ಮಾಲೀಕರು ಬೆನ್ನು ತಟ್ಟಿ, ಸಾವಿರದ ಐನೂರು ಏರಿಸಿ, ಆಯುಧಪೂಜೆಗೆ ಒಂದು ಸ್ವೀಟ್ ಬಾಕ್ಸ್ ಹೆಚ್ಚು ಕೊಟ್ಟರು. ಅದೇ ಹಾಳೆಯನ್ನು ಎರಡು ರಸ್ತೆ ಆಚೆ ಇನ್ನೊಂದು ವರ್ಕ್‌ಶಾಪಿನವರಿಗೆ ತೋರಿಸಿದೆ. ಅವರು ಒಂದು ಡ್ರಾಯಿಂಗ್ ಕೊಟ್ಟು, ಮಶೀನ್ ಮುಂದೆ ನಿಲ್ಲಿಸಿ, ಮೊದಲ ಜಾಬ್ ಸೈಜಿಗೆ ಬಂದ ಮೇಲೆ 19,000 ಅಂದರು. 2019ರ ಜನವರಿಯಲ್ಲಿ ಸೆಟ್ಟರ್ ಆದೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಲಾಕ್‌ಡೌನ್‌ನಲ್ಲಿ ಅರ್ಧ ಸಂಬಳ, ಆ ಬಿಡುವಿನಲ್ಲಿ ಕಂಪ್ಯೂಟರಿನಲ್ಲೇ ಪ್ರೋಗ್ರಾಮ್ ತಯಾರಿಸುವ ಮಾಸ್ಟರ್‌ಕ್ಯಾಮ್ ಸಾಫ್ಟ್‌ವೇರ್ ಕಲಿಕೆ, 2022ರಲ್ಲಿ ಪ್ರೋಗ್ರಾಮರ್ ಅಂತ 27,000.

27,000 ಆದ ಖುಷಿಗೆ ಬಿದ್ದ ಏಟು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ. ಆಗ ಅದರ ಸಂಬಳದ ಮಿತಿ 21,000, ಅದೂ 2017ರ ಜನವರಿಯಲ್ಲಿ ನಿಗದಿಯಾದದ್ದು. ದಾಟಿದರೆ ಆ ವಂತಿಗೆ ಅವಧಿ ಮುಗಿಯುವ ತನಕ ಮಾತ್ರ ಅದರೊಳಗೆ ಇರುತ್ತೀರಿ. ಅಮ್ಮನ ಶುಗರ್ ಮಾತ್ರೆ ಅಲ್ಲಿಯವರೆಗೆ ಇಎಸ್‌ಐನಲ್ಲೇ ಸಿಗುತ್ತಿತ್ತು. ಈಗ ಮೆಡಿಕಲ್ ಸ್ಟೋರ್, ಜೊತೆಗೆ ಮನೆಮಂದಿಗೆಲ್ಲ ವಿಮೆಯ ಕಂತು. ದಾಸರಹಳ್ಳಿಯ ಮನೆ ಬಾಡಿಗೆ 5,500 ಇದ್ದದ್ದು 9,000. ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 2023ರ ಆಗಸ್ಟಿನಲ್ಲಿ 39ರಿಂದ 42 ಆಯಿತು, 2025ರ ಏಪ್ರಿಲ್‌ನಲ್ಲಿ 46. ಅದೇ ವರ್ಷ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಮತ್ತೆ ಬೈಕ್ ಹತ್ತಿದೆ. ಸಂಬಳ ಎರಡೂಕಾಲು ಪಟ್ಟು ಆಗಿದೆ ಅಂತ ನಾನು ಹೇಳುತ್ತೇನೆ, ತಿಂಗಳ ಕೊನೆಗೆ ಎಷ್ಟು ಉಳಿಯಿತು ಅಂತ ಹೆಂಡತಿ ಕೇಳುತ್ತಾಳೆ. ಮೊದಲು ಸಾಲ ಆಗುತ್ತಿತ್ತು, ಈಗ ಆಗುತ್ತಿಲ್ಲ. ನಿಜವಾಗಿ ಆದ ಬದಲಾವಣೆ ಅದು.

‘ಕಲಿತರೆ ಸಂಬಳ ತಾನೇ ಬರುತ್ತೆ’ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಂಟು ಮಶೀನಿಗೆ ಒಬ್ಬ ಸೆಟ್ಟರ್. ಎಂಟು ಆಪರೇಟರ್‌ಗಳೂ ಕಲಿತರೆ ಏಳು ಜನ ಬಟನ್ ಒತ್ತಲೇಬೇಕು, ಅವರ ಮನೆಯ ಬಾಡಿಗೆಯೂ 9,000ವೇ. ಅವತ್ತು ಸ್ಲಿಪ್ ತೋರಿಸಿದ ಹುಡುಗ ಈಗಲೂ ಅದೇ ಮಶೀನಿನ ಮುಂದಿದ್ದಾನೆ. ತೂತಿನ ಒಳಗಳತೆ ನೋಡುವ ಬೋರ್ ಗೇಜ್ ನನಗಿಂತ ಚೆನ್ನಾಗಿ ಹಿಡಿಯುತ್ತಾನೆ. ಹೋದ ತಿಂಗಳು ನೋಟ್‌ಬುಕ್ ಕೇಳಿ ತೆಗೆದುಕೊಂಡು ಹೋದ. ಜೊತೆಗೆ ಆ ಲೆಕ್ಕದ ಹಾಳೆಯ ಜೆರಾಕ್ಸ್ ಕೂಡ ಕೊಟ್ಟೆ, ಎರಡು ರಸ್ತೆ ಆಚೆಯ ವಿಳಾಸ ಹಿಂದೆ ಬರೆದು.