ಅಡಿಕೆ ಸಿಪ್ಪೆಯಿಂದ ಕಿಣ್ವ ತೆಗೆದ ಬಗೆ: ನನ್ನ ಅನುಭವ

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲ ಬಂತೆಂದರೆ ರಸ್ತೆ ಬದಿಯಲ್ಲೆಲ್ಲ ಸಿಪ್ಪೆಯ ರಾಶಿ. ಕೆಲವರು ತೋಟಕ್ಕೆ ಹಾಕುತ್ತಾರೆ, ಇನ್ನು ಕೆಲವರು ಬೆಂಕಿ ಇಡುತ್ತಾರೆ. ಅದು ಬೇಗ ಕೊಳೆಯುವುದೇ ಇಲ್ಲ. ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅದರಲ್ಲಿ ಜಾಸ್ತಿ.

ಆದರೆ ಹಳೇ ರಾಶಿಯ ಅಡಿಗೆ ಕೈ ಹಾಕಿ ನೋಡಿ. ಅಲ್ಲಲ್ಲಿ ಸಿಪ್ಪೆ ಬಿಳಚಿಕೊಂಡಿರುತ್ತದೆ, ಎಳೆದರೆ ಮೆತ್ತಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಇದು ಬಿಳಿ ಕೊಳೆ ಶಿಲೀಂಧ್ರಗಳ ಕೆಲಸ. ಲಿಗ್ನಿನ್ ಒಡೆಯಲು ಅವು ಬಿಡುವ ಕಿಣ್ವಗಳಲ್ಲಿ ಒಂದು ಲ್ಯಾಕೇಸ್. ಜೀನ್ಸ್ ಬಟ್ಟೆಯ ಬಣ್ಣ ತಿಳಿ ಮಾಡಲು ಇದನ್ನು ಬಳಸುತ್ತಾರೆ. ಬಣ್ಣ ಹಾಕುವ ಕಾರ್ಖಾನೆಗಳ ನೀರಿನಿಂದ ಬಣ್ಣ ತೆಗೆಯಲೂ ಬರುತ್ತದೆ.

ಶಿಲೀಂಧ್ರವನ್ನು ಹೊರಗಿನಿಂದ ತರಿಸಬಹುದು. ನನಗೆ ರಾಶಿಯೊಳಗಿನದ್ದೇ ಬೇಕಿತ್ತು. ಸಿಪ್ಪೆಯ ಒಗರಿಗೆ ಅದು ಆಗಲೇ ಒಗ್ಗಿಕೊಂಡಿದೆ, ಅಲ್ವಾ? ಇನ್ನೊಂದು ಮಾತೂ ಇದೆ. ಲ್ಯಾಕೇಸ್ ತಾಮ್ರ ಇರುವ ಕಿಣ್ವ. ನಮ್ಮ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಿಂದ ಬಂದ ರೂಢಿ. ಮೈಲುತುತ್ತದ ನಡುವೆಯೇ ಬೆಳೆದ ಶಿಲೀಂಧ್ರ ತಾಮ್ರವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ ಎಂಬುದು ನನ್ನ ಅಂದಾಜು.

ಬಿಳಚಿದ ಎಳೆಗಳನ್ನು ತೊಳೆದು, ಸಣ್ಣ ಚೂರುಗಳನ್ನು ಶಿಲೀಂಧ್ರ ಬೆಳೆಸುವ ಆಲೂಗಡ್ಡೆ ಅಗರ್ ಪ್ಲೇಟಿನಲ್ಲಿಟ್ಟೆ. ಅಗರ್‌ಗೆ ಲ್ಯಾಕೇಸ್ ತಾಗಿದರೆ ಬಣ್ಣ ತಿರುಗುವ ಗ್ವಾಯಕಾಲ್ ಒಂಚೂರು, ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್. ಲ್ಯಾಕೇಸ್ ಬಿಡುವ ಶಿಲೀಂಧ್ರದ ಸುತ್ತ ಕೆಂಗಂದು ಬಣ್ಣದ ಉಂಗುರ ಮೂಡುತ್ತದೆ. ಹಸಿರು ಬೂಷ್ಟು ಟ್ರೈಕೋಡರ್ಮ ಎದ್ದರೆ ಪ್ಲೇಟನ್ನೆಲ್ಲ ಆವರಿಸಿಬಿಡುತ್ತದೆ. ಅದು ಮುಟ್ಟುವ ಮೊದಲೇ ಉಂಗುರದ ಅಂಚಿನಿಂದ ಚೂರು ಕತ್ತರಿಸಿ ಹೊಸ ಪ್ಲೇಟಿಗೆ ಹಾಕಬೇಕು. ಒಂದೇ ಶಿಲೀಂಧ್ರ ಉಳಿಯುವ ತನಕ ಇದೇ ಕೆಲಸ.

ಆಮೇಲೆ ಫ್ಲಾಸ್ಕು. ಒಣಗಿದ ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ಸಾರಜನಕಕ್ಕೆಂದು ಸ್ವಲ್ಪ ಗೋಧಿ ಬೂಸಾ ಬೆರೆಸಿ, ನೀರು ಚಿಮುಕಿಸಿ, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದೆ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಬೇರೆ ಸೂಕ್ಷ್ಮಜೀವಿಗಳನ್ನೆಲ್ಲ ಸಾಯಿಸಿದೆ. ಇಲ್ಲಿ ನೀರಿನ ಹದವೇ ಎಲ್ಲ. ಶೇ. 65ರಿಂದ 70ರಷ್ಟು ತೇವ ಸಾಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಒಸರಬೇಕು, ಧಾರೆ ಇಳಿಯಬಾರದು. ನೀರು ಜಾಸ್ತಿಯಾದರೆ ಎಳೆಗಳ ನಡುವೆ ಗಾಳಿ ಆಡುವುದಿಲ್ಲ, ಶಿಲೀಂಧ್ರ ಮೇಲೆ ಮೇಲೆ ಹಬ್ಬುತ್ತದೆ, ಒಳಗೆ ಸಿಪ್ಪೆ ಹಾಗೇ ಇರುತ್ತದೆ. ಮೈಲುತುತ್ತವನ್ನು ತೀರಾ ಅಲ್ಪ ಹಾಕಿದರೆ ಲ್ಯಾಕೇಸ್ ಹೆಚ್ಚುತ್ತದೆ. ಕೈ ಮೀರಿದರೆ ಶಿಲೀಂಧ್ರವೇ ಏಳುವುದಿಲ್ಲ.

ತಣಿದ ಫ್ಲಾಸ್ಕುಗಳಿಗೆ ಪ್ಲೇಟಿನ ಶಿಲೀಂಧ್ರದ ಚೂರು ಹಾಕಿ, 28 ಡಿಗ್ರಿಯಲ್ಲಿಟ್ಟು, ಎರಡು ಮೂರು ದಿನಕ್ಕೊಂದು ಫ್ಲಾಸ್ಕು ತೆಗೆದು ನೋಡುತ್ತಿದ್ದೆ. ಕಿಣ್ವ ಏರುತ್ತಾ ಹೋಗಿ, ಒಂದು ಹಂತದ ನಂತರ ಇಳಿಯುತ್ತದೆ. ಸಿಪ್ಪೆ ಪೂರ್ತಿ ಬೆಳ್ಳಗಾಗಲಿ ಎಂದು ಕಾಯುತ್ತಾ ಕೂತರೆ ಕಿಣ್ವ ಕೈ ತಪ್ಪುತ್ತದೆ.

ಆ ಸಿಪ್ಪೆಯನ್ನು ತಣ್ಣಗಿನ ಅಸಿಟೇಟ್ ಬಫರಿನಲ್ಲಿ (ಹುಳಿಯ ಮಟ್ಟ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ನೆನೆಸಿ, ತೆಳು ಬಟ್ಟೆಯಲ್ಲಿ ಹಿಂಡಿ, ವೇಗವಾಗಿ ತಿರುಗಿಸಿ ಗಸಿ ಬೇರೆ ಮಾಡುವ ಸೆಂಟ್ರಿಫ್ಯೂಜ್‌ಗೆ ಹಾಕಿದರೆ ಬರುವುದು ಟೀ ಬಣ್ಣದ ರಸ. ಲ್ಯಾಕೇಸ್ ಇದ್ದರೆ ಬಣ್ಣ ಬರುವ, ಎಬಿಟಿಎಸ್ ಎಂಬ ಬಣ್ಣವಿಲ್ಲದ ದ್ರಾವಣಕ್ಕೆ ಅದರ ಒಂದು ಹನಿ ಬಿಟ್ಟೆ. ಬಿದ್ದ ಜಾಗದಿಂದ ಎಳೆ ಎಳೆಯಾಗಿ ನೀಲಿ ಹಸಿರು ಹರಡಿತು! ಕಿಣ್ವ ಎಷ್ಟಿದೆ ಎಂದು ಅಳೆಯುವಾಗ ಮಾತ್ರ, ಕುದಿಸಿ ಕಿಣ್ವ ಕೆಡಿಸಿದ ರಸವನ್ನೂ ಪಕ್ಕದಲ್ಲಿಡಲೇಬೇಕು. ಸಿಪ್ಪೆಗೆ ತನ್ನದೇ ಕಂದು ಬಣ್ಣ ಇದೆ, ಅದನ್ನು ಕಳೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಹಿಂಡಿದ ಸಿಪ್ಪೆ ಒಳ್ಳೇ ಗೊಬ್ಬರವಾಗುತ್ತದೆ, ಆದರೆ ಹಾಗೇ ತೋಟಕ್ಕೆ ಸುರಿಯಬೇಡಿ. ಅಡಿಕೆಗೆ ಅಣಬೆ ರೋಗ ತರುವ ಗ್ಯಾನೊಡರ್ಮ ಕೂಡ ಬಿಳಿ ಕೊಳೆ ಶಿಲೀಂಧ್ರವೇ, ಪ್ಲೇಟಿನಲ್ಲಿ ಅದೂ ಉಂಗುರ ಮೂಡಿಸುತ್ತದೆ. ಡಿಎನ್‌ಎ ಪರೀಕ್ಷೆಯಲ್ಲಿ ಶಿಲೀಂಧ್ರ ಯಾವುದೆಂದು ಗೊತ್ತಾದ ಮೇಲೂ ನಾನು ಉಳಿದ ಸಿಪ್ಪೆಯನ್ನು ಮತ್ತೊಮ್ಮೆ ಆಟೋಕ್ಲೇವ್ ಮಾಡಿಯೇ ಹೊರಗೆ ಕಳಿಸುತ್ತೇನೆ.