ಹೆಪ್ಪುಗಟ್ಟು, ಗಟ್ಟಿಯಾಗು, ಹರಳುಗಟ್ಟು: ಯಾವುದು ಎಲ್ಲಿಗೆ?

ಹರಿಯುತ್ತಿದ್ದದ್ದು ಹರಿಯುವುದನ್ನು ಬಿಟ್ಟು ನಿಂತರೆ ‘ಹೆಪ್ಪುಗಟ್ಟಿತು’ ಎನ್ನುತ್ತೇವೆ. ಹಾಲು, ರಕ್ತ, ನೀರು ಮೂರಕ್ಕೂ ಈ ಮಾತು ಸಲ್ಲುತ್ತದೆ. ಹಾಗೆಂದು ಗಟ್ಟಿಯಾದದ್ದೆಲ್ಲ ಹೆಪ್ಪುಗಟ್ಟಿದ್ದಲ್ಲ.

ಮೊದಲು ಪದದ ಕಟ್ಟಡ. ‘ಹೆಪ್ಪು’ ಮತ್ತು ‘ಕಟ್ಟು’ ಕೂಡಿದಾಗ ಆದೇಶ ಸಂಧಿಯಾಗಿ ಕಕಾರ ಗಕಾರವಾಗುತ್ತದೆ. ಆದ್ದರಿಂದ ‘ಹೆಪ್ಪುಗಟ್ಟು’ ಎಂದು ಕೂಡಿಸಿ ಬರೆಯಬೇಕು, ಇಲ್ಲವೇ ‘ಹೆಪ್ಪು ಕಟ್ಟು’ ಎಂದು ಬಿಡಿಸಬೇಕು. ಜಾಗ ಬಿಟ್ಟು ‘ಹೆಪ್ಪು ಗಟ್ಟು’ ಎಂದರೆ ಎರಡೂ ಕೆಟ್ಟಂತೆ. ‘ಕಟ್ಟು’ ಸಕರ್ಮಕವಾದರೂ ಅದರ ಕರ್ಮ ಸಮಾಸದೊಳಗೇ ಇರುವುದರಿಂದ ಇಡೀ ಕ್ರಿಯಾಪದ ಅಕರ್ಮಕ: ‘ನೀರು ಹೆಪ್ಪುಗಟ್ಟಿತು’ ಸರಿ, ‘ನೀರನ್ನು ಹೆಪ್ಪುಗಟ್ಟಿದೆನು’ ತಪ್ಪು. ಮಾಡಿಸಿದವರನ್ನು ಹೇಳಲೇಬೇಕಿದ್ದರೆ ‘ಹೆಪ್ಪುಗಟ್ಟಿಸು’ ಅಥವಾ ‘ಹೆಪ್ಪುಗಟ್ಟುವಂತೆ ಮಾಡು’. ಪಾಚಿಗಟ್ಟು, ಕೆನೆಗಟ್ಟು, ಸಾಲುಗಟ್ಟು ಎಲ್ಲವೂ ಇದೇ ಜಾತಿಯವು.

ಅಡುಗೆಮನೆಯಲ್ಲಿ ಮಾತ್ರ ಮಾಡುವ ಕೆಲಸಕ್ಕೆ ಬೇರೆಯೇ ಮಾತಿದೆ: ಹೆಪ್ಪು ಹಾಕು. ಅರ್ಧ ಲೀಟರ್ ಹಾಲು ಕಾಯಿಸಿ, ಬೆರಳಿಟ್ಟರೆ ಸುಡದಷ್ಟು, ಅಂದರೆ ಸುಮಾರು 40 ಡಿಗ್ರಿಗೆ ಆರಿಸಿ, ಒಂದು ಚಮಚ ಮೊಸರು ಕದಡಿದರೆ ‘ಹಾಲಿಗೆ ಹೆಪ್ಪು ಹಾಕಿದೆ’. ವಿಭಕ್ತಿ ಗಮನಿಸಿ, ‘ಹಾಲಿಗೆ’. ಆಗದಿದ್ದರೆ ‘ಮೊಸರಾಗಿಲ್ಲ’ ಎಂದಷ್ಟೇ ಹೇಳುತ್ತಾರೆ. ಹಾಲು ತೀರಾ ಬಿಸಿಯಿದ್ದು ಹೆಪ್ಪಿನ ಬ್ಯಾಕ್ಟೀರಿಯಾ ಸತ್ತಿರಬಹುದು, ಇಲ್ಲವೇ ಚಳಿಗೆ ಅವು ಬೆಳೆದಿರಲಿಕ್ಕಿಲ್ಲ. ಹುಳಿ ಬಿದ್ದು ಹಾಲು ಮುದ್ದೆಮುದ್ದೆಯಾಗಿ ನೀರು ಬೇರೆಯಾದರೆ ಹಾಲು ‘ಒಡೆಯಿತು’. ಅಲ್ಲಿ ‘ಹೆಪ್ಪುಗಟ್ಟಿತು’ ಬರೆದರೆ ಕೆಟ್ಟ ಹಾಲನ್ನು ಒಳ್ಳೆಯ ಮೊಸರೆಂದು ಹೇಳಿದಂತಾಗುತ್ತದೆ.

ತುಪ್ಪ ‘ಗಟ್ಟಿಯಾಗುತ್ತದೆ’, ಚೆನ್ನಾಗಿ ಕಾಯಿಸಿದ್ದು ‘ಮರಳು ಮರಳಾಗುತ್ತದೆ’. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಇದಕ್ಕೆ ಹೆಪ್ಪುಗಟ್ಟು ಎಂದರೂ ನಡೆದೀತು. ಜೇನು ‘ಹರಳುಗಟ್ಟುತ್ತದೆ’, ಏಕೆಂದರೆ ಅದರೊಳಗಿನ ಗ್ಲೂಕೋಸ್ ನಿಜವಾಗಿಯೂ ಹರಳಾಗಿ ಬೇರೆಯಾಗುತ್ತದೆ. ಗಂಜಿಗೆ ಹಿಟ್ಟು ಒಮ್ಮೆಗೇ ಸುರಿದರೆ ‘ಗಂಟುಗಂಟಾಗುತ್ತದೆ’. ಸಿಮೆಂಟ್‌ಗೆ ಈ ಯಾವುದೂ ಬೇಡ. ಸೈಟಿನಲ್ಲಿ ‘ಸೆಟ್ ಆಯ್ತು’ ಎನ್ನುತ್ತಾರೆ, ಅದನ್ನೇ ಬರೆಯಿರಿ. ಸೆಟ್ ಆಗುವುದು ಗಂಟೆಗಳ ಮಾತು, ಪೂರ್ತಿ ಬಲ ಬರುವುದು ವಾರಗಳ ಮಾತು. ಎರಡಕ್ಕೂ ‘ಗಟ್ಟಿಯಾಗು’ ಬಳಸಿದರೆ ನೀರುಣಿಸುವುದನ್ನು ಯಾವಾಗ ನಿಲ್ಲಿಸಬೇಕೆಂಬುದೇ ಓದುಗರಿಗೆ ತಿಳಿಯದು.

ಹೆಚ್ಚು ಎಚ್ಚರ ಬೇಕಾದದ್ದು ರಕ್ತದ ವಿಷಯದಲ್ಲಿ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ದೇಹದ ರಕ್ಷಣೆ; ರಕ್ತನಾಳದೊಳಗೆ ಹೆಪ್ಪುಗಟ್ಟಿದರೆ ಕಾಯಿಲೆ. ಆದ್ದರಿಂದ ‘ಎಲ್ಲಿ’ ಎಂಬುದನ್ನು ಸೇರಿಸದೆ ಬರೆಯಬೇಡಿ. ‘ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ’ ಬೇರೆ, ‘ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು’ ಬೇರೆ. ವಾರ್ಫರಿನ್ ಮೊದಲನೆಯದು, ಹೃದಯಾಘಾತದಲ್ಲಿ ಕೊಡುವ ಸ್ಟ್ರೆಪ್ಟೋಕೈನೇಸ್ ಎರಡನೆಯದು. ಎರಡಕ್ಕೂ ‘ರಕ್ತ ತೆಳುವಾಗಿಸುವ ಔಷಧ’ ಎಂದು ಬರೆಯುವ ಚಾಳಿಯಿದೆ. ವಾರ್ಫರಿನ್ ರಕ್ತವನ್ನು ತೆಳುವಾಗಿಸುವುದೇ ಇಲ್ಲ, ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಗ್ಗಿಸುತ್ತದೆ. ಗಾಯದ ಮೇಲೆ ಒಣಗಿ ಕೂರುವುದು ಹಕ್ಕಳೆ.

ಇನ್ನು ಯಂತ್ರಾನುವಾದದ ಕೊಡುಗೆಗಳು. ‘ಫೋನ್ ಹೆಪ್ಪುಗಟ್ಟಿದೆ’, ‘ಖಾತೆ ಹೆಪ್ಪುಗಟ್ಟಿದೆ’, ‘ಹೆಪ್ಪುಗಟ್ಟಿದ ಬಟಾಣಿ’. ಇವುಗಳಲ್ಲಿ ಯಾವುದೂ ಹಿಂದೆ ಹರಿಯುತ್ತಿರಲಿಲ್ಲ! ಫೋನ್ ಹ್ಯಾಂಗ್ ಆಗುತ್ತದೆ. ಖಾತೆಯ ವಹಿವಾಟನ್ನು ಸ್ಥಗಿತಗೊಳಿಸುತ್ತಾರೆ (ಮುಟ್ಟುಗೋಲು ಬೇರೆ ಕ್ರಮ, ಬೆರೆಸಬೇಡಿ). ಬಟಾಣಿ ಅಂಗಡಿಯಲ್ಲಿ ಫ್ರೋಜನ್ ಬಟಾಣಿಯೇ. ಚಳಿಗೆ ಕೈ ‘ಮರಗಟ್ಟುತ್ತದೆ’. ಭಾವದ ಮಾತಿನಲ್ಲಿ ಮಾತ್ರ ಸಡಿಲಿಕೆಯುಂಟು: ‘ಹೆಪ್ಪುಗಟ್ಟಿದ ಮೌನ’, ‘ಎದೆಯಲ್ಲಿ ಹೆಪ್ಪುಗಟ್ಟಿದ ದುಃಖ’ ಚೆನ್ನಾಗಿಯೇ ಇವೆ, ಬಳಸಿ ಬಳಸಿ ಸವೆದಿವೆ ಅಷ್ಟೆ.

ಪಠ್ಯಪುಸ್ತಕದ ಭಾಷೆಯಲ್ಲಿ ದ್ರವ ಘನವಾಗುವುದು ‘ಘನೀಕರಣ’, ಆವಿ ದ್ರವವಾಗುವುದು ‘ಸಾಂದ್ರೀಕರಣ’. ತಣ್ಣನೆಯ ಲೋಟದ ಹೊರಮೈಯಲ್ಲಿ ಹನಿಗೂಡುವುದು ಎರಡನೆಯದು. ಉತ್ತರಪತ್ರಿಕೆಯಲ್ಲಿ ಇವನ್ನು ಅದಲುಬದಲು ಮಾಡಿದರೆ ಅಂಕ ಹೋಗುತ್ತದೆ. ‘ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ’ ಎಂದು ಬರೆದವರಿಗೆ ಅಂಕ ಕಳೆಯಲು ಕಾರಣವಿಲ್ಲ.